ಮ್ಯಾಟಿನಿ ಷೋಗೊಂದು ಸೆಂಟು

ಹೀರೋಗಳಲ್ಲಿ ಎರಡು ಥರ. ಒಬ್ಬ ಬಾಗಿಲು ಒದ್ದುಕೊಂಡು ಬರ್ತಾನೆ. ಅವನು ಬರೋದಕ್ಕೆ ಮುಂಚೆಯೇ ಹಿನ್ನೆಲೆ ಸಂಗೀತ ಬಂದಿರುತ್ತೆ, ಧೂಳು ಎದ್ದಿರುತ್ತೆ, ಗಾಂಧಿ ಕ್ಲಾಸಿನಿಂದ ಶಿಳ್ಳೆ ಬಿದ್ದಾಗಿರುತ್ತೆ. ಇನ್ನೊಬ್ಬ ಸುಮ್ಮನೆ ಬಂದು ಒಂದು ಮೂಲೆಯಲ್ಲಿ ನಿಂತ್ಕೋತಾನೆ. ಮೊದಲ ಎರಡು ರೀಲು ಅವನೇ ಹೀರೋ ಅಂತ ಗೊತ್ತೂ ಆಗಲ್ಲ. ಆದರೆ ಇಂಟರ್ವಲ್‌ನಲ್ಲಿ ಕಡಲೆಕಾಯಿ ಬಿಡಿಸುವಾಗ ನೆನಪಾಗೋದು ಯಾರು? ಅವನೇ!

ಸೆಂಟಿನಲ್ಲೂ ಹಾಗೇ ಸ್ವಾಮಿ. ರಾತ್ರಿ ರಿಸೆಪ್ಷನ್ನಿಗೆ ಹೊಡ್ಕೊಂಡು ಹೋಗೋ ಸೆಂಟು ಬೇರೆ, ಹಗಲು ಹೊತ್ತು ಜನರ ಮಧ್ಯೆ ಕೆಲಸ ಮಾಡುವಾಗ ಹಾಕ್ಕೊಳ್ಳೋದು ಬೇರೆ. ಮೊದಲನೇದು ಸೆಕೆಂಡ್ ಷೋ ಸರಕು, ಎರಡನೇದು ಮ್ಯಾಟಿನಿ ಸರಕು. ಈ ವಾರ ನಾನು ಬರೀತಿರೋದು ಮ್ಯಾಟಿನಿ ಸೆಂಟಿನ ಬಗ್ಗೆ. ಮೆತ್ತಗಿನ, ಮುಖದ ಪೌಡರಿನ ಹಾಗೆ ಘಮ್ಮನ್ನೋ, ಗದ್ದಲ ಮಾಡದ ಸೆಂಟು.

“ಸಿನಿಮಾ ಪತ್ರಿಕೇಲಿ ಸೆಂಟಿಗೇನ್ರೀ ಕೆಲಸ?” ಅಂತ ಹುಬ್ಬು ಹಾರಿಸ್ಬೇಡಿ. ಈ ವಾಸನೆಗೂ ಸಿನಿಮಾಕ್ಕೂ ನೆಂಟಸ್ತನ ಇದೆ, ಮುಂದೆ ಹೇಳ್ತೀನಿ. ಅದಕ್ಕಿಂತ ಮೊದಲು ಒಂದು ಕಾಗದ.

ಬರೆದವರು ದಾವಣಗೆರೆ ಕಡೆಯ ಓದುಗರು. ಹೆಸರು ಬೇಡ ಅಂದಿದ್ದಾರೆ. ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಒಂಬತ್ತರವರೆಗೂ ಮಡಿಸಿದ್ದು ಬಿಚ್ಚು, ಬಿಚ್ಚಿದ್ದು ಮಡಿಸು. ಎದುರಿಗೆ ಒಂದು ಮಾರು ದೂರದಲ್ಲಿ ಗಿರಾಕಿಗಳು. ಬೇಸಿಗೆಯಲ್ಲಿ ಒಂದು ದಿನ ಮಾಲೀಕರು ಎಲ್ಲರ ಮುಂದೇನೇ, “ಹೋಗಯ್ಯಾ, ಮೊದಲು ಮೈ ತೊಳ್ಕೊಂಡು ಬಾ” ಅಂದುಬಿಟ್ಟರಂತೆ. “ಅವತ್ತು ಸಂಜೆವರೆಗೂ ತಲೆ ಎತ್ತಿ ಸೀರೆ ತೋರಿಸಲಿಲ್ಲ ಅಣ್ಣಾ” ಅಂತ ಬರೆದಿದ್ದಾರೆ. ಆ ಅವಮಾನಕ್ಕೆ ಸಂಬಳದಲ್ಲಿ ಒಂದು ಪಾಲು ಕೊಟ್ಟು ಜೋರು ಸೆಂಟು ತಂದರು. ಗಿರಾಕಿಗಳು ಸೀನೋಕೆ ಶುರು ಮಾಡಿದರು! ಆಮೇಲೆ ಯಾರೋ ಪುಣ್ಯಾತ್ಮರು ಪೌಡರ್ ವಾಸನೆಯ ಮೆತ್ತಗಿನ ಸೆಂಟು ಕೊಡಿಸಿದರು. ಅದನ್ನ ಹಾಕ್ಕೊಂಡು ಹೋದರೆ ಜೊತೆಯ ಹುಡುಗರು, “ಏನೋ, ಅಕ್ಕನ ಪೌಡರ್ ಡಬ್ಬಿ ಕದ್ದಿದ್ದೀಯಾ?” ಅಂತ ರೇಗಿಸ್ತಾರೆ.

ಅವರ ಪ್ರಶ್ನೆ ಮೂರು. ಒಂದು, ಇದು ಗಂಡಸರು ಹಾಕ್ಕೊಳ್ಳೋ ವಾಸನೇನಾ? ಎರಡು, ಹನ್ನೆರಡು ಗಂಟೆಯೊಳಗೆ ಮಾಯವಾಗುತ್ತಲ್ಲ, ಎಲ್ಲಿ ಹೋಗುತ್ತೆ? ಮೂರು, ಇದನ್ನ ಇಟ್ಕೊಳ್ಳಲಾ, ಬಿಟ್ಟುಬಿಡಲಾ?

ಒಳ್ಳೇ ಪ್ರಶ್ನೆಗಳು. ತಮ್ಮಾ, ಒಂದೊಂದಾಗಿ ನೋಡೋಣ.

ಕಲ್ಲಿಗೆಲ್ಲಿಯ ಪರಿಮಳ?

ಮೊದಲು ಒಂದು ಗುಟ್ಟು. ಪೌಡರಿಗೆ ಪೌಡರ್ ವಾಸನೆಯೇ ಇಲ್ಲ!

ಟಾಲ್ಕಂ ಪೌಡರ್ ಅಂದರೆ ಟಾಲ್ಕ್ ಅನ್ನೋ ಖನಿಜದ ಪುಡಿ. ಖನಿಜಗಳಲ್ಲೆಲ್ಲ ಇಷ್ಟು ಮೆತ್ತಗಿರೋದು ಇನ್ನೊಂದಿಲ್ಲ. ಉಗುರಲ್ಲಿ ಕೆರೆದರೂ ಪುಡಿ ಉದುರುತ್ತೆ. ಬೇಲೂರಿನ ಶಿಲಾಬಾಲಿಕೆಯರನ್ನ ಕಡೆದಿರೋ ಬಳಪದ ಕಲ್ಲಿನ ಬಳಗದ್ದೇ ಇದು. ಕಲ್ಲಿಗೆ ಎಲ್ಲಿಂದ ಬರಬೇಕು ಪರಿಮಳ? ನಾವು ‘ಪೌಡರ್ ವಾಸನೆ’ ಅಂತ ಮೂಗರಳಿಸೋದು ಕಾರ್ಖಾನೆಯಲ್ಲಿ ಬೆರೆಸಿದ ವಾಸನೆಯನ್ನ.

ಏನನ್ನ ಬೆರೆಸ್ತಾರೆ? ಕಥೆ ಇರೋದೇ ಅಲ್ಲಿ. ಯುರೋಪಿನಲ್ಲಿ ಐರಿಸ್ ಅಂತ ಒಂದು ಹೂಗಿಡ. ಹೂವಿಗಿಂತ ಬೆಲೆ ಅದರ ಗಡ್ಡೆಗೆ. ಇಟಲಿಯ ಫ್ಲಾರೆನ್ಸ್ ಸುತ್ತಮುತ್ತ ಇದನ್ನ ಬಹಳ ಕಾಲದಿಂದ ಬೆಳೀತಾ ಬಂದಿದ್ದಾರೆ. ನೆಲದಿಂದ ಕಿತ್ತಾಗ ಗಡ್ಡೆಗೆ ಹೇಳಿಕೊಳ್ಳುವಂಥ ಪರಿಮಳ ಇರೋದಿಲ್ಲ. ಎರಡು ಮೂರು ವರ್ಷ ನೆಲದಲ್ಲಿ ಬೆಳೆಸಿ, ಕಿತ್ತು, ಸಿಪ್ಪೆ ಹೆರೆದು, ಮತ್ತೆ ಮೂರು ವರ್ಷದಷ್ಟು ಒಣಗಿಸಿ ಇಡಬೇಕು. ಆಗ ನಿಧಾನಕ್ಕೆ ಅದರೊಳಗೆ ಒಂದು ಒಣ, ತಂಪು, ಮೆತ್ತನೆ ಪರಿಮಳ ಹುಟ್ಟುತ್ತೆ. ಗಾಂಧಿನಗರದಲ್ಲಿ ಆರು ವರ್ಷ ಚಾನ್ಸಿಗೆ ಕಾದು ಕೊನೆಗೆ ಹೀರೋ ಆದ ಹುಡುಗನ ಹಾಗೆ! ಒಂದು ಟನ್ ಒಣಗಡ್ಡೆ ಅರೆದರೆ ಸಿಗೋ ಸಾರ ಸುಮಾರು ಎರಡು ಕಿಲೋ. ಅದಕ್ಕೇ ಅದರ ಬೆಲೆ ನಮ್ಮ ನಿಮ್ಮ ಕೈಗೆಟುಕದ್ದು.

ಹಿಂದೆ ಯುರೋಪಿನ ಸಿರಿವಂತರು ಈ ಗಡ್ಡೆಯ ಪುಡಿಯನ್ನೇ ಮುಖದ ಪೌಡರಿಗೆ, ತಲೆಯ ವಿಗ್ಗಿಗೆ ಹಾಕೋ ಪೌಡರಿಗೆ ಬೆರೆಸ್ತಿದ್ರು. ಅಲ್ಲಿಂದಲೇ ಈ ವಾಸನೆ ಮತ್ತು ಪೌಡರಿನ ಮದುವೆ. ಮುಂದೆ ರಸಾಯನ ಶಾಸ್ತ್ರದವರು ಬಂದರು. 1868ರಲ್ಲಿ ಒಣಹುಲ್ಲಿನ ಹಿತವಾಸನೆಯ ಕೂಮರಿನ್ ಪ್ರಯೋಗಾಲಯದಲ್ಲಿ ತಯಾರಾಯ್ತು. 1874ರಲ್ಲಿ ವೆನಿಲ್ಲಾದ ಪರಿಮಳ ಕೊಡುವ ವ್ಯಾನಿಲಿನ್. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ವಯೊಲೆಟ್ ಹೂವಿನ ವಾಸನೆ ಕೊಡುವ ಅಯೋನೋನ್ ತಯಾರಿಸಿದರು. ಇವುಗಳ ಜೊತೆ ಕೃತಕ ಕಸ್ತೂರಿಯೂ ಬಂತು. ರಾಜರ ಮನೆಯ ವಾಸನೆ ಬೀದಿಗೆ ಇಳಿಯಿತು.

ಆಗ ಫ್ರಾನ್ಸಿನಲ್ಲಿ ಒಬ್ಬ ಜಾಣ ಇದ್ದ. ಹೆಸರು ಫ್ರಾಂಸ್ವಾ ಕೋಟಿ. ಹೆಸರೂ ಕೋಟಿ, ಗಳಿಸಿದ್ದೂ ಕೋಟಿ! 1905ರಲ್ಲಿ ‘ಲೋರಿಗಾನ್’ ಅಂತ ಒಂದು ಸೆಂಟು ತಂದ. ಮುಂದೆ ಅದೇ ಪರಿಮಳದ ಮುಖದ ಪೌಡರೂ ಅವನ ಕಂಪನಿಯಿಂದ ಬಂತು. ಸೆಂಟು ಕೊಳ್ಳಲಾಗದವರಿಗೂ ಪೌಡರ್ ಡಬ್ಬಿಯಲ್ಲಿ ಅದೇ ವಾಸನೆ.

ಹೀಗೆ ಐರಿಸ್, ವಯೊಲೆಟ್, ವೆನಿಲ್ಲಾ, ಒಣಹುಲ್ಲು, ಕಸ್ತೂರಿ ಎಲ್ಲ ಸೇರಿ ನಮ್ಮ ಮೂಗಿಗೆ ‘ಪೌಡರ್’ ಆದವು. ಬಾಟಲಿಯಲ್ಲಿ ಒಂದು ಚಿಟಿಕೆ ಪುಡಿಯೂ ಇರೋದಿಲ್ಲ, ಇರೋದು ಅದರ ನೆನಪು ಮಾತ್ರ. ಸ್ನಾನ ಮಾಡಿಸಿ, ಕತ್ತಿಗೆ ಪೌಡರ್ ಹಚ್ಚಿ, ಕ್ರಾಪು ಬಾಚಿ ಸ್ಕೂಲಿಗೆ ಕಳಿಸ್ತಿದ್ದ ತಾಯಿಯ ನೆನಪು ಅಂದರೂ ತಪ್ಪಿಲ್ಲ.

ಗಂಡಸರದ್ದೋ ಹೆಂಗಸರದ್ದೋ?

ಈಗ ಮೊದಲ ಪ್ರಶ್ನೆ. ರೇಗಿಸೋ ಹುಡುಗರಿಗೆ ಒಂದು ಮಾತು ಕೇಳ್ತೀನಿ. ನಿಮ್ಮ ನೆಚ್ಚಿನ ಹೀರೋ ಫೈಟಿಂಗ್ ಸೀನಿನಲ್ಲಿ ಹತ್ತು ಜನರನ್ನ ಎತ್ತಿ ಎಸೀತಾನಲ್ಲ, ಆಗ ಅವನ ಮುಖದ ಮೇಲೆ ಏನಿರುತ್ತೆ? ಪೌಡರ್!

ಸ್ಟುಡಿಯೋ ಸುತ್ತಿದವನು ನಾನು. ಮೇಕಪ್ ರೂಮಿನ ಬಾಗಿಲು ತೆಗೆದರೆ ಸಾಕು, ಮೊದಲು ಎದುರಿಗೆ ಬರೋದು ಆ ವಾಸನೆ. ಸ್ಪಾಂಜು, ಪಫ್ಫು, ಬಣ್ಣ, ಪೌಡರ್. ಖಳನಾಯಕ ಅಲ್ಲೇ, ನಾಯಕಿ ಅಲ್ಲೇ, ಅಪ್ಪನ ಪಾತ್ರದವರೂ ಅಲ್ಲೇ. ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ‘ಪ್ಯಾನ್ ಕೇಕ್’ ತಂದಿದ್ದು 1930ರ ದಶಕದ ಕೊನೆಯಲ್ಲಿ, ಟೆಕ್ನಿಕಲರ್ ಚಿತ್ರಗಳಲ್ಲಿ ನಟ ನಟಿಯರ ಮುಖ ಚೆನ್ನಾಗಿ ಕಾಣಲಿ ಅಂತ. ಆ ಕಾಲದಿಂದ ಕ್ಯಾಮೆರಾ ಮುಂದೆ ಗಂಡಸು, ಹೆಂಗಸು ಅನ್ನೋ ಭೇದ ಇಲ್ಲದೆ ಎಲ್ಲರ ಮುಖಕ್ಕೂ ಬಿದ್ದಿದೆ. ಅದಕ್ಕೂ ಮುಂಚೆ ನಮ್ಮ ಯಕ್ಷಗಾನದ ಚೌಕಿಯಲ್ಲಿ, ನಾಟಕ ಕಂಪನಿಗಳ ಬಣ್ಣದ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿಕೊಂಡವರು ಯಾರು? ಮೀಸೆ ಹೊತ್ತ ಗಂಡಸರೇ!

ಇನ್ನೂ ಸಾಕ್ಷಿ ಬೇಕಾ? ಕಟಿಂಗ್ ಷಾಪಿಗೆ ಹೋಗಿ. ಕೆಲಸ ಮುಗಿದ ಮೇಲೆ ಬ್ರಷ್ಷಿಗೆ ಪೌಡರ್ ಹಾಕಿ ಕತ್ತಿನ ಹಿಂದೆ ಪಟಪಟ ಸವರ್ತಾರಲ್ಲ, ಆಗ ಯಾರಾದರೂ “ನನಗೆ ಬೇಡ, ಅದು ಅಕ್ಕನ ವಾಸನೆ” ಅಂತ ಎದ್ದು ಓಡಿದ್ದಾರಾ?

ಓಲ್ಡ್ ಸ್ಪೈಸ್ ಕಥೆ ಕೇಳಿ. ಅಲೆಯ ಮೇಲೆ ಹಲಗೆ ಹತ್ತಿ ಸವಾರಿ ಮಾಡೋ ಗಂಡುಗಲಿಯ ಜಾಹೀರಾತು ನೋಡಿದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅಮೆರಿಕದ ಶುಲ್ಟನ್ ಕಂಪನಿ ಆ ಹೆಸರಲ್ಲಿ ಮೊದಲು, 1937ರಲ್ಲಿ, ಸರಕು ತಂದಿದ್ದು ಹೆಂಗಸರಿಗೆ! ಗಂಡಸರದ್ದು ಬಂದಿದ್ದು 1938ರಲ್ಲಿ. ಅದನ್ನ ಹಚ್ಚಿಕೊಂಡ ಕೂಡಲೇ ಲವಂಗ, ದಾಲ್ಚಿನ್ನಿಯ ಖಾರ. ಒಂದು ಗಂಟೆ ತಡೆದು ಮೂಸಿ ನೋಡಿ... ಸಾಕ್ಷಾತ್ ಪೌಡರ್! ಅಪ್ಪಂದಿರು ತಲೆಮಾರುಗಟ್ಟಲೆ ಗತ್ತಿನಿಂದ ಹಚ್ಚಿಕೊಂಡ ವಾಸನೆ ಅದು.

ಇತ್ತೀಚಿನದ್ದು ಬೇಕಾದರೆ ಫ್ರಾನ್ಸಿನ ‘ದಿಯೋರ್ ಓಮ್’. 2005ರಲ್ಲಿ ಗಂಡಸರಿಗೆ ಅಂತಲೇ ಬಂದ ಸೆಂಟು, ಅದರ ಪ್ರಾಣವೇ ಐರಿಸ್. ಮೂಸಿದವರು ಲಿಪ್‌ಸ್ಟಿಕ್ ವಾಸನೆ ಅಂದರು. ಯಾಕೆ ಅಂತೀರಾ? ಹಳೇ ಕಾಲದ ಲಿಪ್‌ಸ್ಟಿಕ್ಕಿಗೆ ಮೇಣದ ವಾಸನೆ ಮುಚ್ಚೋಕೆ ಗುಲಾಬಿ, ವಯೊಲೆಟ್ ಪರಿಮಳ ಬೆರೆಸ್ತಿದ್ರು. ಐರಿಸ್ ಅದೇ ವಂಶದ್ದು. ಲಿಪ್‌ಸ್ಟಿಕ್ ಅಂತ ಹೆಸರಿಟ್ಟರೂ ಗಂಡಸರು ಬಿಡಲಿಲ್ಲ, ಕೊಂಡು ಹಾಕ್ಕೊಂಡರು.

ಆದ್ದರಿಂದ ತಮ್ಮಾ, ವಾಸನೆಗೆ ಮೀಸೆಯೂ ಇಲ್ಲ, ಮೂಗುತಿಯೂ ಇಲ್ಲ. ಡಬ್ಬಿಯ ಮೇಲಿನ ಚಿತ್ರಕ್ಕೆ ಇರುತ್ತೆ ಅಷ್ಟೆ.

ಹತ್ತಿರ ಬಂದವರಿಗೆ ಮಾತ್ರ

ಈ ಸೆಂಟಿನ ಹೆಚ್ಚುಗಾರಿಕೆ ಏನು? ಇದು ಕೂಗಿ ಕರೆಯೋದಿಲ್ಲ. ಬಸ್ಸಿನ ಹಿಂದಿನ ಬಾಗಿಲಲ್ಲಿ ನೀವು ಹತ್ತಿದರೆ ಡ್ರೈವರ್ ತಿರುಗಿ ನೋಡೋದಿಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ, ಅದೂ ಒಂದು ಗಳಿಗೆ ತಡೆದು, “ಈ ಹುಡುಗ ಚೊಕ್ಕವಾಗಿದ್ದಾನೆ” ಅನ್ನಿಸುತ್ತೆ. ‘ಸೆಂಟು ಹೊಡ್ಕೊಂಡಿದ್ದಾನೆ’ ಅನ್ನಿಸೋದಿಲ್ಲ. ಈ ಎರಡಕ್ಕೂ ಇರೋ ವ್ಯತ್ಯಾಸ ನೋಡಿ. ಒಂದು ನಿಮ್ಮ ಬಗ್ಗೆ ಮಾತು, ಇನ್ನೊಂದು ಬಾಟಲಿಯ ಬಗ್ಗೆ ಮಾತು.

ಸೀರೆ ಅಂಗಡಿ, ಬ್ಯಾಂಕಿನ ಕೌಂಟರು, ಔಷಧಿ ಅಂಗಡಿ, ಇಂಟರ್‌ವ್ಯೂ ಇವೆಲ್ಲ ಒಂದು ಮಾರಿನೊಳಗಿನ ಕೆಲಸಗಳು. ಇಲ್ಲಿ ಎದುರಿನವರು ಎದ್ದು ಹೋಗೋ ಹಾಗಿಲ್ಲ. ಅವರ ಮೂಗಿಗೂ ಒಂದು ಮರ್ಯಾದೆ ಇದೆ. ಮಲ್ಲಿಗೆ ಮುಡಿದು ಬಂದ ಗಿರಾಕಿಯ ಹೂವಿನ ಜೊತೆ ಜಗಳ ಆಡದ ಸೆಂಟು ಬೇಕು ಅಂದರೆ ಈ ಜಾತಿಯದ್ದೇ ಸರಿ.

ಸಿನಿಮಾದಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ. ‘ಸೆಂಟ್ ಆಫ್ ಎ ವುಮನ್’, 1992ರ ಇಂಗ್ಲಿಷ್ ಚಿತ್ರ. 1974ರ ಒಂದು ಇಟಾಲಿಯನ್ ಚಿತ್ರ ಇದಕ್ಕೆ ಮೂಲ. ಕಣ್ಣು ಕಳಕೊಂಡ ನಿವೃತ್ತ ಕರ್ನಲ್ ಆಗಿ ಆಲ್ ಪಚಿನೊ. ಆ ಪಾತ್ರಕ್ಕೇ ಅವರಿಗೆ ಆಸ್ಕರ್ ಬಂದಿದ್ದು. ವಾಸನೆಯಿಂದಲೇ ಮನುಷ್ಯರನ್ನ ಅಳೆಯೋ ಆಸಾಮಿ. ಕೊನೆಯಲ್ಲಿ ಶಾಲೆಯ ವಿಚಾರಣೆ ಮುಗಿದ ಮೇಲೆ ಒಬ್ಬ ಅಧ್ಯಾಪಕಿ ಬಂದು ಮಾತಾಡಿಸ್ತಾರೆ. ಆಕೆ ಹಾಕ್ಕೊಂಡಿರೋ ಸೆಂಟು ಯಾವುದು ಅಂತ ಕರ್ನಲ್ ಹೇಳಿಬಿಡ್ತಾನೆ. ‘ಫ್ಲರ್ ದ ರೊಕಾಯ್’. ಫ್ರಾನ್ಸಿನ ಕಾರೋನ್ ಕಂಪನಿಯ 1930ರ ದಶಕದ ಹೂವಿನ ಸೆಂಟು, ಮೆತ್ತನೆಯ ಪೌಡರ್ ಜಾತಿಯದ್ದು. ಇಡೀ ಚಿತ್ರದಲ್ಲಿ ಅಬ್ಬರಿಸಿದ ಮನುಷ್ಯ ಆ ಒಂದು ಸೀನಿನಲ್ಲಿ ಮೆತ್ತಗಾಗ್ತಾನೆ. ಆಕೆ ಅಷ್ಟು ಹತ್ತಿರ ಬಂದಿದ್ದರಿಂದಲೇ ಅವನಿಗೆ ಗೊತ್ತಾಗಿದ್ದು! ಬಾಗಿಲಾಚೆಯಿಂದಲೇ ಬಡಿಯೋ ಸೆಂಟಾಗಿದ್ದರೆ ಆ ಸೀನೇ ಇರ್ತಿರಲಿಲ್ಲ.

ಒಂದು ಎಚ್ಚರಿಕೆ. 1993ರಲ್ಲಿ ಅದೇ ಕಂಪನಿ ಹೆಚ್ಚುಕಮ್ಮಿ ಅದೇ ಹೆಸರಲ್ಲಿ, ಒಂದಕ್ಷರ ಬಿಟ್ಟು, ಬೇರೆಯೇ ಸೆಂಟು ತಂದಿತು. ಸಿನಿಮಾ ನೋಡಿ ಹುಡುಕಿಕೊಂಡು ಹೋಗುವವರು ಹೆಸರು ಸರಿಯಾಗಿ ಓದಿ. ಡಬಲ್ ಆಕ್ಟಿಂಗ್ ಚಿತ್ರದ ಹಾಗೆ, ಮುಖ ಒಂದೇ, ಆಸಾಮಿ ಬೇರೆ!

ಇನ್ನು ದೋಷಗಳ ಪಟ್ಟಿ

ಹೊಗಳಿದ್ದು ಸಾಕು. ಎರಡನೇ ಪ್ರಶ್ನೆ. ಹನ್ನೆರಡು ಗಂಟೆಗೆ ಎಲ್ಲಿ ಹೋಗುತ್ತೆ?

ಎಲ್ಲೂ ಹೋಗಿರೋದಿಲ್ಲ. ಹೋಗಿರೋದು ನಿಮ್ಮ ಮೂಗು!

ಯಾವ ವಾಸನೆಯಾದರೂ ಒಂದೇ ಸಮ ಬರ್ತಾ ಇದ್ದರೆ ಮೂಗು ಅದನ್ನ ಲೆಕ್ಕಕ್ಕೆ ತಗೊಳ್ಳೋದು ನಿಲ್ಲಿಸುತ್ತೆ. ಮೀನು ಮಾರುಕಟ್ಟೆಯಲ್ಲಿ ಕೂತವರಿಗೆ ಮೀನಿನ ವಾಸನೆ ಗೊತ್ತಾಗಲ್ಲ ನೋಡಿ, ಹಾಗೆ. ವಯೊಲೆಟ್ ವಾಸನೆಯ ಅಯೋನೋನ್ ಅಂತೂ ಇದರಲ್ಲಿ ಮಹಾ ಕಳ್ಳ. ಬಂತು ಅನ್ನುವಷ್ಟರಲ್ಲಿ ಮಾಯ, ಸ್ವಲ್ಪ ಬಿಟ್ಟು ಮತ್ತೆ ಹಾಜರು. ಐರಿಸ್, ಕಸ್ತೂರಿ, ವೆನಿಲ್ಲಾ ಇವೆಲ್ಲ ನಿಧಾನಕ್ಕೆ ಆರುವ ಸರಕು, ಬಟ್ಟೆಯ ಮೇಲೆ ಸಂಜೆವರೆಗೂ ಇರಬಲ್ಲವು. ರಾತ್ರಿ ಅಂಗಿ ಕಳಚಿ, ಹೊರಗೆ ಒಂದು ಸುತ್ತು ತಿರುಗಾಡಿ ಬಂದು ಕಾಲರ್ ಮೂಸಿ ನೋಡಿ. ಆಗ ಗೊತ್ತಾಗುತ್ತೆ.

ಅಪಾಯ ಇರೋದು ಇಲ್ಲೇ. ‘ವಾಸನೆ ಹೋಯ್ತು’ ಅಂದ್ಕೊಂಡು ಮಧ್ಯಾಹ್ನ ಇನ್ನೆರಡು ಸಲ, ಮೂರು ಗಂಟೆಗೆ ಇನ್ನೆರಡು ಸಲ ಹೊಡ್ಕೋತೀರಿ. ನಿಮಗೆ ಏನೂ ಇಲ್ಲ, ಎದುರಿನವರಿಗೆ ತಲೆನೋವು. ಮೆತ್ತಗಿನ ಸೆಂಟನ್ನೂ ಗೂಂಡಾ ಮಾಡೋದು ಹೀಗೆ.

ಎರಡನೇ ದೋಷ, ಎಲ್ಲರ ಮೂಗೂ ಒಂದೇ ಅಲ್ಲ. ಬೀಟಾ ಅಯೋನೋನ್ ಕೆಲವರಿಗೆ ಒಂದಿಷ್ಟಿದ್ದರೂ ಹೂವಿನ ಹಾಗೆ ಗೊತ್ತಾಗುತ್ತೆ, ಇನ್ನು ಕೆಲವರಿಗೆ ಬಹಳ ಇದ್ದರೂ ಗೊತ್ತಾಗಲ್ಲ, ಗೊತ್ತಾದರೂ ಹುಳಿ ಹುಳಿ ಅನ್ನಿಸುತ್ತೆ. ಹುಟ್ಟಿನಿಂದ ಬಂದ ಒಂದು ವಂಶವಾಹಿಯ ವ್ಯತ್ಯಾಸ ಇದಕ್ಕೆ ಕಾರಣ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಕಸ್ತೂರಿಯಂಥ ಕೆಲವು ಕೃತಕ ವಾಸನೆಗಳೂ ಹೀಗೆ, ಕೆಲವರ ಮೂಗಿಗೆ ಬೀಳೋದೇ ಇಲ್ಲ. ಒಂದೇ ಥಿಯೇಟರಿನಲ್ಲಿ ಅಕ್ಕಪಕ್ಕದ ಸೀಟಿನವರು ಬೇರೆ ಬೇರೆ ಪಿಕ್ಚರ್ ನೋಡಿದ ಹಾಗೆ! ಆದ್ದರಿಂದ ನಿಮ್ಮ ಮೂಗೊಂದನ್ನೇ ನಂಬಬೇಡಿ, ಮನೆಯವರನ್ನೂ ಕೇಳಿ.

ಮೂರನೇದು, ಬಿಸಿಲು. ಬಿಸಿಗೆ ಯಾವ ಸೆಂಟಾದರೂ ಬೇಗ ಮೇಲೇಳುತ್ತೆ. ಐರಿಸ್ ಹೆಚ್ಚಿರೋದು ತಂಪಾಗಿ ಇರುತ್ತೆ, ಪರವಾಗಿಲ್ಲ. ವೆನಿಲ್ಲಾ ಹೆಚ್ಚಿರೋದು ಮಾತ್ರ ರಾಯಚೂರಿನ ಏಪ್ರಿಲ್‌ನಲ್ಲಿ ಕಾಯಿಸಿದ ಬೆಲ್ಲದ ಪಾಕದ ಹಾಗೆ ಅಂಟುತ್ತೆ. ಅದನ್ನ ಮಳೆಗಾಲಕ್ಕೋ ಚಳಿಗೋ ಇಟ್ಕೊಳ್ಳಿ. ಅಂದ ಹಾಗೆ ವ್ಯಾನಿಲಿನ್ ಇರೋ ಸೆಂಟು ದಿನ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತೆ. ಬಿಳೀ ಅಂಗಿಯ ಮೇಲೆ ನೇರ ಹೊಡೆದರೆ ಕಲೆ ಕೂರಬಹುದು.

ನಾಲ್ಕನೇದು, ಚಹರೆ. ಈ ವಾಸನೆಗೆ ಅಜ್ಜಿಯ ಟ್ರಂಕು, ಹಸುಗೂಸಿನ ತೊಟ್ಟಿಲು ಎರಡರ ನೆನಪೂ ಅಂಟಿಕೊಂಡಿದೆ. ಒಬ್ಬರಿಗೆ ಮುದ್ದು, ಇನ್ನೊಬ್ಬರಿಗೆ ಮುದಿ. ಎಲ್ಲರ ಪೌಡರೂ ಸುಮಾರಾಗಿ ಒಂದೇ ಥರ ಇರೋದರಿಂದ ‘ಇದು ಇವನದೇ ವಾಸನೆ’ ಅನ್ನೋ ಗುರುತು ಕಡಿಮೆ. ಗುಂಪಿನಲ್ಲಿ ಗೋವಿಂದ ಆಗೋ ಸಾಧ್ಯತೆ ಇದೆ.

ಐದನೇದೇ ದೊಡ್ಡದು. ಇದು ಬೆವರನ್ನ ಮುಚ್ಚೋದಿಲ್ಲ! ಆಗಷ್ಟೇ ಬಂದ ಬೆವರಿಗೆ ವಾಸನೆ ಇಲ್ಲ ಅನ್ನುವಷ್ಟು ಕಡಿಮೆ. ಕಂಕುಳಲ್ಲಿರೋ ಬ್ಯಾಕ್ಟೀರಿಯಾಗಳು ಅದನ್ನ ತಿಂದು ವಾಸನೆ ಮಾಡ್ತವೆ. ಸೆಂಟು ಅವುಗಳನ್ನ ಓಡಿಸೋದಿಲ್ಲ. ನಿನ್ನೆಯ ಅಂಗಿಯ ಮೇಲೆ ಇವತ್ತಿನ ಪೌಡರ್ ಪರಿಮಳ ಬಿದ್ದರೆ ಎರಡೂ ಸೇರಿ ಮೂರನೇ ವಾಸನೆ ಹುಟ್ಟುತ್ತೆ. ಅದಕ್ಕಿಂತ ಬರೀ ಬೆವರೇ ವಾಸಿ ಸ್ವಾಮಿ!

‘ಕಟ್’ ಹೇಳೋಕಾಗಲ್ಲ

ಸಿನಿಮಾದವರು ಒಂದು ಸಲ ವಾಸನೆಯನ್ನ ಪರದೆಗೆ ತರೋಕೆ ಹೋಗಿ ಕೈ ಸುಟ್ಟುಕೊಂಡರು. 1959ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಚಿತ್ರಕ್ಕೆ ಥಿಯೇಟರಿನ ಹವಾ ನಿಯಂತ್ರಣದ ಕೊಳವೆಯಲ್ಲೇ ವಾಸನೆ ಬಿಟ್ಟರು. ಮುಂದಿನ ತಿಂಗಳೇ, 1960ರಲ್ಲಿ, ಮೈಕ್ ಟಾಡ್ ಜೂನಿಯರ್ ‘ಸೆಂಟ್ ಆಫ್ ಮಿಸ್ಟರಿ’ ಚಿತ್ರ ತಂದರು. ಒಂದೊಂದು ಸೀಟಿಗೂ ಸಣ್ಣ ಕೊಳವೆ, ಸೀನಿಗೆ ತಕ್ಕ ವಾಸನೆ. ಆಮೇಲೇನಾಯ್ತು? ಬಾಲ್ಕನಿಯವರಿಗೆ ಸೀನು ಮುಗಿದ ಮೇಲೆ ವಾಸನೆ ತಲುಪಿತು. ಕೊಳವೆ ಬುಸ್ ಅನ್ನೋ ಸದ್ದು ಬೇರೆ. ಆ ತಂತ್ರದಲ್ಲಿ ಇನ್ನೊಂದು ಚಿತ್ರ ಬರಲೇ ಇಲ್ಲ. 1981ರಲ್ಲಿ ಜಾನ್ ವಾಟರ್ಸ್ ‘ಪಾಲಿಯೆಸ್ಟರ್’ ಚಿತ್ರಕ್ಕೆ ಕೆರೆದು ಮೂಸೋ ಕಾರ್ಡು ಕೊಟ್ಟು ತಮಾಷೆ ಮಾಡಿದರು, ಅಷ್ಟೆ.

ಇದರಲ್ಲಿ ನಮಗೊಂದು ಪಾಠ ಇದೆ. ಚಿತ್ರವನ್ನ ಕತ್ತರಿಸಬಹುದು, ಮಾತನ್ನ ಡಬ್ಬಿಂಗ್‌ನಲ್ಲಿ ಸರಿ ಮಾಡಬಹುದು. ಒಂದು ಸಲ ಬಿಟ್ಟ ವಾಸನೆಗೆ ‘ಕಟ್’ ಹೇಳೋಕಾಗಲ್ಲ. ಅದಕ್ಕೇ ಹಾಕ್ಕೊಳ್ಳುವಾಗ ಕೈ ಬಿಗಿ ಇರಲಿ. ಎರಡು ಸಲ ಒತ್ತಿದರೆ ಸಾಕು. ಎದೆಗೊಂದು, ಕತ್ತಿನ ಹಿಂದೆ ಒಂದು. ಅದೂ ಅಂಗಿ ಹಾಕ್ಕೊಳ್ಳೋಕೆ ಮುಂಚೆ.

ನಮ್ಮದೇ ಮನೆಯ ವಾಸನೆ

ಫ್ರಾನ್ಸಿನ ಬಾಟಲಿಗೆ ದುಡ್ಡು ಎಲ್ಲಿಂದ ತರೋಣ ಅಂತೀರಾ? ಅವರೇ ನಮ್ಮ ಮನೆ ಬಾಗಿಲಿಗೆ ಬಂದವರು ಕಣ್ರೀ! ಪೌಡರ್ ಪರಿಮಳ ಮೈಮೇಲೆ ನಿಲ್ಲಬೇಕಾದರೆ ಕೆಳಗೊಂದು ಗಟ್ಟಿ ಪಾಯ ಬೇಕು. ಆ ಪಾಯಗಳಲ್ಲಿ ದೊಡ್ಡದು ಶ್ರೀಗಂಧ. ಮೈಸೂರಿನ ಗಂಧದೆಣ್ಣೆಗೆ ಪ್ಯಾರಿಸ್ಸಿನವರೂ ಕಾಯ್ತಿದ್ದರು. 1989ರಲ್ಲಿ ಗೆರ್ಲಾನ್ ಕಂಪನಿ ತಂದ ‘ಸಂಸಾರ’ದ ಬಂಡವಾಳವೇ ಗಂಧ. ಹೌದು, ಹೆಸರೇ ‘ಸಂಸಾರ’!

ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರಗೆ ಕಳಿಸೋದು ಕಷ್ಟವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ನಮ್ಮಲ್ಲೇ ಎಣ್ಣೆ ತೆಗೆಯೋಕೆ ಶುರು ಮಾಡಿದರು. ಅದರ ಹಿಂದೆಯೇ ಮೈಸೂರ್ ಸ್ಯಾಂಡಲ್ ಸೋಪು ಬಂತು. ಕಾಡಿನಲ್ಲಿ ಗಂಧ ಎಷ್ಟು ಲೂಟಿಯಾಯ್ತು ಅಂತ ನಿಮಗೆ ಹೊಸದಾಗಿ ಹೇಳಬೇಕಾ? 1973ರ ‘ಗಂಧದ ಗುಡಿ’ಯಲ್ಲಿ ಅಣ್ಣಾವ್ರು ಕಳ್ಳರ ಮೇಲೆ ಬಿದ್ದಿದ್ದನ್ನ ಮರೆಯೋಕಾಗುತ್ತಾ? ಗಂಧ ಕಡಿಮೆಯಾಗಿ ಬೆಲೆ ಏರಿದ ಮೇಲೆ ಹೊರದೇಶದ ಸೆಂಟಿನವರು ಬಹುಪಾಲು ಕೃತಕ ಗಂಧಕ್ಕೆ ತಿರುಗಿದರು. ಈಗ ನಮ್ಮ ಚಿತ್ರರಂಗಕ್ಕೇ ‘ಸ್ಯಾಂಡಲ್‌ವುಡ್’ ಅಂತ ಹೆಸರು. ಮರ ಕಮ್ಮಿಯಾಯ್ತು, ಹೆಸರು ಉಳೀತು!

ಹೇಳಬಂದಿದ್ದು ಇಷ್ಟೆ. ಒಂದು ಗಂಧದ ಸೋಪಿನ ಸ್ನಾನ, ಒಗೆದ ಬನಿಯನ್ನು, ಅದರ ಮೇಲೆ ಪೌಡರ್ ಪರಿಮಳದ ಸಣ್ಣ ಬಾಟಲಿ. ಇಷ್ಟಾದರೆ ಯಾವ ಕಂಪನಿಯ ಹಂಗೂ ಬೇಕಾಗಿಲ್ಲ.

ಡಬ್ಬಿ ಪೌಡರಿನ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2024ರಲ್ಲಿ ಟಾಲ್ಕನ್ನ ‘ಬಹುಶಃ ಕ್ಯಾನ್ಸರ್‌ಕಾರಕ’ ಅನ್ನೋ ಪಟ್ಟಿಗೆ ಸೇರಿಸಿದೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಟಾಲ್ಕ್ ಇರೋ ಬೇಬಿ ಪೌಡರನ್ನ 2023ರಲ್ಲಿ ಜಗತ್ತಿನಾದ್ಯಂತ ನಿಲ್ಲಿಸಿ ಜೋಳದ ಪಿಷ್ಟಕ್ಕೆ ಬದಲಾಯಿಸಿತು. ಡಬ್ಬಿ ಕಂಡ ಕೂಡಲೇ ಹೆದರಿ ಓಡಬೇಕಾಗಿಲ್ಲ. ಆ ಪಟ್ಟಿ ಹೇಳೋದು ಅಪಾಯದ ಸಾಧ್ಯತೆ ಇದೆ ಅಂತ, ಹಚ್ಚಿಕೊಂಡವರಿಗೆಲ್ಲ ರೋಗ ಬರುತ್ತೆ ಅಂತ ಅಲ್ಲ. ಆದರೆ ಮುಖದ ಮುಂದೆ ಮೋಡ ಎಬ್ಬಿಸಿ ಉಸಿರಿಗೆ ಎಳ್ಕೊಳ್ಳೋ ಚಾಳಿ ಬಿಡಿ. ಕೂಸುಗಳ ಹತ್ತಿರ ಅಂತೂ ಬೇಡವೇ ಬೇಡ. ಅಂಗೈಗೆ ಸ್ವಲ್ಪ ಹಾಕ್ಕೊಂಡು ಮೆಲ್ಲಗೆ ಸವರಿ.

ಕೊಳ್ಳೋಕೆ ಹೋದಾಗ ಅಂಗಡಿಯವನು ಕಾಗದದ ಪಟ್ಟಿಗೆ ಚುಮುಕಿಸಿ ಕೊಡ್ತಾನಲ್ಲ, ಅದು ಬರೀ ಟ್ರೇಲರ್. ಟ್ರೇಲರ್ ನೋಡಿ ಟಿಕೆಟ್ ತಗೊಂಡು ಎಷ್ಟು ಸಲ ಪೇಚಾಡಿಲ್ಲ ನಾವು? ಕೈಗೆ ಹಾಕಿಸಿಕೊಂಡು ಎದ್ದು ಬನ್ನಿ. ಒಂದು ಮ್ಯಾಟಿನಿ ನೋಡಿ. ಪೌಡರ್ ಬರೋದೇ ಇಂಟರ್ವಲ್ ಆದ ಮೇಲೆ. ಷೋ ಬಿಟ್ಟ ಮೇಲೂ ಇಷ್ಟವಾದರೆ ತಗೊಳ್ಳಿ. ಲೇಬಲ್ ಮೇಲೆ ‘ಕೊಲೋನ್’ ಅಂತ ಇದ್ದರೆ ಪರಿಮಳದ ಎಣ್ಣೆ ನೂರಕ್ಕೆ ಎರಡರಿಂದ ಐದು ಪಾಲು, ‘ತ್ವಾಲೆತ್’ ಅಂದರೆ ಸುಮಾರು ಐದರಿಂದ ಹದಿನೈದು, ‘ಓ ದ ಪರ್ಫಮ್’ ಅಂದರೆ ಹದಿನೈದರಿಂದ ಇಪ್ಪತ್ತು. ಹಗಲಿಗೆ ಮಧ್ಯದ್ದು ಸಾಕು.

ತಮ್ಮಾ, ಈಗ ಮೂರನೇ ಪ್ರಶ್ನೆ. ಇಟ್ಕೊಳ್ಳಿ, ಬಿಡಬೇಡಿ. ಆದರೆ ಯಾತಕ್ಕೆ ಇಟ್ಕೊಳ್ಳೋದು ಅನ್ನೋದು ತಿಳಿದಿರಲಿ. ಮಾಲೀಕರ ಮಾತಿಗೆ ಹೆದರಿ, ಮೈಯನ್ನ ಮುಚ್ಚಿಡೋಕೆ ಅಂತ ಹಾಕ್ಕೊಂಡರೆ ಯಾವ ಸೆಂಟೂ ಸಾಲೋದಿಲ್ಲ, ದಿನಕ್ಕೊಂದು ಬಾಟಲಿ ಬೇಕಾಗುತ್ತೆ. ಹನ್ನೊಂದು ಗಂಟೆ ನಿಂತು ಸೀರೆ ಬಿಚ್ಚಿ ತೋರಿಸೋ ಮನುಷ್ಯನಿಗೆ ಬೆವರು ಬರುತ್ತೆ. ಅದು ದುಡಿಮೆಯ ಬೆವರು, ಅದಕ್ಕೆ ತಲೆ ತಗ್ಗಿಸೋ ಅಗತ್ಯ ಇಲ್ಲ. ಬ್ಯಾಗಿನಲ್ಲಿ ಇನ್ನೊಂದು ಅಂಗಿ ಇರಲಿ. ಊಟದ ಹೊತ್ತಿಗೆ ಕಂಕುಳು ತೊಳೆದು ಒರೆಸಿ ಅದನ್ನ ಹಾಕ್ಕೊಳ್ಳಿ. ನಿಮ್ಮ ಕೌಂಟರಿನ ಮೇಲೊಂದು ಫ್ಯಾನು ಬೇಕು ಅಂತ ಮಾಲೀಕರನ್ನ ಕೇಳಿ. ಗಟ್ಟಿಯಾಗಿಯೇ ಕೇಳಿ. ಆಮೇಲೆ, ಎಲ್ಲಕ್ಕಿಂತ ಕೊನೆಗೆ, ಎರಡು ಸಲ ಸೆಂಟು. ಅದು ಎದುರಿಗೆ ಕೂತ ಗಿರಾಕಿಗೆ ನೀವು ಕೊಡೋ ಮರ್ಯಾದೆ.

ಹುಡುಗರು ಮತ್ತೆ ರೇಗಿಸಿದರೆ ಈ ಪುಟ ಹರಿದು ಕೈಗೆ ಕೊಡಿ. ಫ್ಯಾನು ಬಂತಾ ಇಲ್ವಾ ಅಂತ ನನಗೊಂದು ಕಾರ್ಡು ಹಾಕಿ.

ಬರ್ಲಾ? ಮುಂದಿನ ವಾರ ಇದೇ ಪುಟದಲ್ಲಿ ಸಿಗೋಣ.